ಮೊದಲ ಆಟಕ್ಕೆ ಅಳುತ್ತಾ ಬಂದ ಮಂದಿ

ಕೊರೊನಾ ಮುಗಿದ ಮರುವರ್ಷ ನಡೆದದ್ದು ಇದು. ನಾವು ಬನಹಟ್ಟಿಯವರು, ನೇಕಾರರು. ನಮ್ಮ ಮನೆಗೆ ಹೊಂದಿಕೊಂಡೇ ಒಂದು ಉದ್ದನೆಯ ಶೆಡ್ ಇದೆ. ಅದರಲ್ಲಿ ನಮ್ಮ ಮಾವನವರ ಕರೆಂಟಿನ ಮಗ್ಗಗಳಿದ್ದವು. ಲಾಕ್‌ಡೌನಿನಲ್ಲಿ ನಿಂತ ಮಗ್ಗಗಳು ಮತ್ತೆ ಏಳಲಿಲ್ಲ, ಕೊನೆಗೆ ಗುಜರಿಗೆ ಹೋದವು. ನನ್ನ ಗಂಡ ಬೇರೆಯವರ ಕಾರ್ಖಾನೆಗೆ ಕೆಲಸಕ್ಕೆ ಹೋಗತೊಡಗಿದರು. ಮಾವನವರು ಮಾತ್ರ, ಮಗ್ಗಗಳು ಲಾರಿ ಏರಿದ ದಿನ ಶೆಡ್ಡಿನ ಬಾಗಿಲು ಎಳೆದುಕೊಂಡು ಬಂದವರು, ಆಮೇಲೆ ಅದರೊಳಗೆ ಕಾಲಿಡಲಿಲ್ಲ. ಹಿತ್ತಲಿಗೆ ಹೋಗುವಾಗಲೂ ಆ ಬಾಗಿಲ ಕಡೆ ನೋಡುತ್ತಿರಲಿಲ್ಲ.

ಅಂಥ ಶೆಡ್ಡಿನ ಮೇಲೆ ನನ್ನ ಮಗಳು ದೀಪಾಳ ಕಣ್ಣು ಬಿತ್ತು. ಧಾರವಾಡಕ್ಕೆ ಓದಲು ಹೋದವಳು ಡಿಗ್ರಿಯ ಜೊತೆಗೆ ನಾಟಕದ ಹುಚ್ಚನ್ನೂ ಹತ್ತಿಸಿಕೊಂಡು ಬಂದಿದ್ದಳು. ಒಂದು ದಿನ ಮಾವನವರು ಚಹಾ ಕುಡಿಯುತ್ತಿದ್ದಾಗ ನೇರವಾಗಿ ಕೇಳಿಯೇಬಿಟ್ಟಳು.

"ಅಜ್ಜಾ, ಶೆಡ್ ನನಗ ಕೊಡು. ನಾಟಕ ಮಾಡಸ್ತೇನಿ. ಪಡದೆ ಇರೂದಿಲ್ಲ, ಸ್ಟೇಜ್ ಇರೂದಿಲ್ಲ. ಮಂದಿ ಸುತ್ತಲೂ ಕುಂಡ್ರೂದು, ಆಟ ನಡುವ."

"ಪಡದೆ ಇಲ್ಲದ್ದ ಎಂಥಾ ನಾಟಕಲೇ?" ಎಂದರು ಮಾವ. "ನಾ ನೋಡಿದ ನಾಟಕದಾಗ ಸ್ಟೇಜ್ ಮ್ಯಾಲ ಖರೆ ಕುದರಿ ಬಂದಿತ್ತು. ನಿಮ್ಮದರಾಗ ಏನ್ ಬರತೈತಿ?"

"ಎಮ್ಮಿ ಬರತೈತಿ. ಆದ್ರ ಕಾಣಸೂದಿಲ್ಲ. ಐತಿ ಅಂತ ತಿಳಕೋಬೇಕು."

ಮಾವ ಚಹಾದ ಬಸಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ನೋಡವಾ ನಿನ್ನ ಮಗಳ ಶಾಣ್ಯಾತನ," ಎಂದರು. ನನಗೂ ಒಳಗೊಳಗೆ ಇದು ಹುಚ್ಚಾಟವೆಂದೇ ಅನ್ನಿಸಿತ್ತು. ಆದರೆ ಮಗಳ ಮುಂದೆ ತೋರಗೊಡಲಿಲ್ಲ.

ಅದೇ ಹೊತ್ತಿಗೆ ಜಮಖಂಡಿಯ ನೂಲಿನ ವ್ಯಾಪಾರಿಯೊಬ್ಬರು ಶೆಡ್ಡನ್ನು ಗೋದಾಮಿಗೆ ಕೇಳಿ ಎರಡು ಸಲ ಬಂದುಹೋಗಿದ್ದರು. ಮಾವ ಹಾಗೂ ಅನ್ನಲಿಲ್ಲ, ಹೀಗೂ ಅನ್ನಲಿಲ್ಲ. ಕೊನೆಗೆ ಮೊಮ್ಮಗಳಿಗೆ ಒಂದು ಮಾತು ಹೇಳಿದರು: "ಒಂದ ಆಟ ಆಡ್ರಿ. ಶೆಡ್ ತುಂಬಿದ್ರ ನಿಂದು. ತುಂಬಲಿಲ್ಲಂದ್ರ ಗೋದಾಮು. ಆಮ್ಯಾಲ ಅಳಬಾರದು ಮತ್ತ."

ದೀಪಾ ಮತ್ತು ಅವಳ ಗೆಳತಿಯರು ವಾರಗಟ್ಟಲೆ ಶೆಡ್ ತೊಳೆದರು. ಮಾಡಿಗೆ ಹತ್ತಿದ ನೂಲಿನ ದೂಳು ಉದುರಿಸಿ ಉದುರಿಸಿ ಎಲ್ಲರ ತಲೆ ಅಜ್ಜಿಯಂದಿರ ತಲೆಯಂತಾಗಿತ್ತು. ಧಾರವಾಡದ ಮಂಜುಳಾ ಎಂಬ ನಟಿ ಬರಲು ಒಪ್ಪಿದಳು. ಒಬ್ಬಳೇ ಆಡುವ ನಾಟಕ. ಹಾಲು ಕೊಡದ ಎಮ್ಮೆಯೊಂದಿಗೆ ಹೆಂಗಸೊಬ್ಬಳ ಜಗಳ, ಅಷ್ಟೇ ಕತೆ. ಆಕೆಗೆ ಬಿಡುವಿದ್ದದ್ದು ಗುರುವಾರ ಮಧ್ಯಾಹ್ನ ಮಾತ್ರ.

ಗುರುವಾರವೆಂದರೆ ಓಣಿಯ ಮಗ್ಗಗಳೆಲ್ಲ ನಡೆಯುವ ದಿನ. ಆಚೆ ಈಚೆ ಖಟಖಟ ಸದ್ದಿನಲ್ಲಿ ಪಕ್ಕದಲ್ಲಿದ್ದವರ ಮಾತೇ ಕೇಳುವುದಿಲ್ಲ, ಇನ್ನು ನಾಟಕ ಎಲ್ಲಿಂದ ಕೇಳಬೇಕು? ನಾನೇ ಮನೆಮನೆಗೆ ಹೋಗಿ ಕೈಮುಗಿದೆ. "ಆಟ ಮುಗಿಯೂತನಾ ಮಗ್ಗ ನಿಲ್ಲಸ್ರಿ." ನಮ್ಮ ಓಣಿಯವರು ದೊಡ್ಡ ಮನಸ್ಸಿನವರು. "ನಮ್ಮ ದೀಪಾನ ಸಲುವಾಗಿ ಅಷ್ಟ ಮಾಡೂದಿಲ್ಲೇನ್ರಿ ವೈನಿ," ಎಂದರು. ಗುರುವಾರ ನಾಲ್ಕಕ್ಕೆ ಸರಿಯಾಗಿ ಒಂದೊಂದೇ ಮಗ್ಗ ನಿಂತು ಇಡೀ ಓಣಿ ಸುಮ್ಮನಾಯಿತು.

ಆದರೆ ಮಗ್ಗ ನಿಲ್ಲಿಸಿದ ಆ ಪುಣ್ಯಾತ್ಮರು ಶೆಡ್ಡಿಗೆ ಬರಲಿಲ್ಲ. ಅಪರೂಪಕ್ಕೆ ಬಿಡುವು ಸಿಕ್ಕಿತೆಂದು ಕೆಲವರು ಚಹಾದಂಗಡಿಗೆ ಹೋದರು, ಕೆಲವರು ಮಲಗಿದರು. ಜಮಖಾನ ಹಾಸಿದ ಅಷ್ಟು ದೊಡ್ಡ ಶೆಡ್ಡಿನಲ್ಲಿ ಕುಳಿತಿದ್ದು ದೀಪಾಳ ಗೆಳತಿಯರು ಮತ್ತು ಪಕ್ಕದ ಮನೆಯ ಇಬ್ಬರು ಹೆಂಗಸರು. ಮಾವನವರು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ನಾಲ್ಕೂವರೆಯಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ದೀಪಾ ಬಾಗಿಲಿಗೆ ಬಂದು ಓಣಿಯ ತುದಿ ನೋಡುವುದು, ಒಳಗೆ ಹೋಗುವುದು, ಮತ್ತೆ ಬರುವುದು. ಅವಳ ಮುಖ ನೋಡಿ ನನಗೆ ಊರಿನ ಮೇಲೆಯೇ ಸಿಟ್ಟು ಬಂತು.

ಆಗ ಓಣಿಯ ತುದಿಯಲ್ಲಿ ಒಂದು ಆಟೋ ನಿಂತಿತು. ಅದರಿಂದ ಇಳಿದವರು ಚಿಮ್ಮಡದಲ್ಲಿರುವ ನಮ್ಮ ಮಾವನವರ ತಂಗಿ ಕಾಶವ್ವತ್ತೆ. ಇಳಿದದ್ದೇ ಎದೆ ಬಡಿದುಕೊಳ್ಳುತ್ತ ಓಡಿ ಬಂದರು.

"ಅಯ್ಯ ನನ್ನಣ್ಣಾ, ಹೇಳದ ಕೇಳದ ಹ್ವಾದ್ಯಲ್ಲೋ."

ಮಲಗಿದ್ದ ಮಾವನವರಿಗೆ ಏನಾದರೂ ಆಗಿಹೋಯಿತೇ ಎಂದು ನಾನೂ ಮನೆಯ ಕಡೆ ಓಡಿದೆ. ಅಷ್ಟರಲ್ಲಿ ಮಾವನವರೇ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಕಣ್ಣುಜ್ಜುತ್ತ ಬಾಗಿಲಿಗೆ ಬಂದರು.

"ಯಾಕ ಕಾಶವ್ವಾ? ಯಾರ ಹೋದ್ರು?"

ಕಾಶವ್ವತ್ತೆಯ ಅಳು ಅರ್ಧಕ್ಕೇ ನಿಂತಿತು. ಅಣ್ಣನ ತೋಳು ಮುಟ್ಟಿ ನೋಡಿದರು. "ನೀನ ಹೋಗೀದಿ ಅಂದ್ರಲ್ಲೋ ಅಣ್ಣಾ."

"ನಾ ಎಲ್ಲಿ ಹೋಗ್ಲಿ? ಮಲಗಿದ್ದೆ."

"ಮತ್ತ ಓಣ್ಯಾಗಿನ ಮಗ್ಗ ಯಾಕ ನಿಂತಾವು?"

ಎಲ್ಲರೂ ನನ್ನ ಕಡೆ ನೋಡಿದರು. ಆಗ ನನಗೆ ಹೊಳೆಯಿತು. ನಮ್ಮಲ್ಲಿ ಕೆಲಸದ ದಿನ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಹೆಣ ಎತ್ತುವ ತನಕ ಯಾರೂ ಸ್ವಿಚ್ ಮುಟ್ಟುವುದಿಲ್ಲ. ಇದನ್ನು ಹುಟ್ಟಿದಾಗಿನಿಂದ ಬಲ್ಲ ನಾವು ಒಬ್ಬರೂ ಅದನ್ನು ನೆನೆಯಲಿಲ್ಲ. ಓಣಿ ಸುಮ್ಮನಾದದ್ದನ್ನು ಪೇಟೆಯವರು ಕೇಳಿಸಿಕೊಂಡಿದ್ದಾರೆ. ಆ ವಾರ ಮಾವನವರಿಗೆ ಕೆಮ್ಮು ಜೋರಾಗಿತ್ತು. ಮುಂದಿನದನ್ನು ಫೋನುಗಳು ನೋಡಿಕೊಂಡವು.

ಕಾಶವ್ವತ್ತೆಯ ಹಿಂದೆಯೇ ರಬಕವಿಯ ಬೀಗರು ಬಂದರು. ತಲೆಗೆ ಟವೆಲ್ ಸುತ್ತಿಕೊಂಡ ಗಂಡಸರು, ಸೆರಗು ಬಾಯಿಗಿಟ್ಟುಕೊಂಡ ಹೆಂಗಸರು. ಮುಧೋಳದ ನನ್ನ ನಾದಿನಿ ಬಸ್ಸಿನಿಂದಲೇ ಅಳುತ್ತ ಫೋನ್ ಮಾಡಿದಳು, ಅಪ್ಪ ಬದುಕಿದ್ದಾರೆಂದರೆ ಆ ಗದ್ದಲದಲ್ಲಿ ಅವಳಿಗೆ ಕೇಳಿಸಲೇ ಇಲ್ಲ. ಚಹಾದಂಗಡಿಗೆ ಹೋಗಿದ್ದ ನಮ್ಮ ಓಣಿಯವರೂ ಸುದ್ದಿ ಕೇಳಿ, ನಿಜವೇ ಇರಬೇಕೆಂದು ಗಾಬರಿಯಿಂದ ಓಡಿ ಬಂದರು. ರಬಕವಿಯ ಒಬ್ಬರು ದೊಡ್ಡ ಚೆಂಡುಹೂವಿನ ಮಾಲೆಯನ್ನೇ ತಂದಿದ್ದರು. ಮಾವನವರನ್ನು ಕಂಡದ್ದೇ ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

"ಯಾಕ ಮುಚ್ಚಿಡ್ತಿ? ಶೆಡ್ಡಿನ ಬಾಗಲಕ್ಕ ಕಟ್ಟು," ಎಂದರು ಮಾವ. ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ.

ಆದರೆ ಮಾವ ನಗಲಿಲ್ಲ. ಅವರ ಜೊತೆ ಚಿಕ್ಕಂದಿನಿಂದ ಮಗ್ಗ ನಡೆಸಿದ ಗೆಳೆಯರೊಬ್ಬರು ಗೋಡೆಗೆ ಆನಿಕೊಂಡು ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು, "ಬಂದವರನ್ನ ಹಂಗ ಕಳಸೂದ ಛಲೋ ಅಲ್ಲವಾ. ಕುಂಡ್ರಸು," ಎಂದರು.

"ಇಷ್ಟ ಮಂದಿನ್ನ ಎಲ್ಲಿ ಕುಂಡ್ರಸ್ಲಿ ಮಾವಾರ? ಮನ್ಯಾಗ ಜಾಗಾ ಎಲ್ಲೈತಿ?"

ಅವರು ಶೆಡ್ಡಿನ ಕಡೆ ನಡೆದರು. ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತರು. ಹಿಂದಿದ್ದವರೂ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದರು. ನೆಲದಲ್ಲಿ ಮಗ್ಗದ ಬೋಲ್ಟುಗಳಿದ್ದ ತೂತುಗಳು ಹಾಗೇ ಇದ್ದವು. ಒಂದು ಕಡೆ ಕಾಲಿನಿಂದ ಜಮಖಾನ ಸರಿಸಿ ನೋಡಿ, "ಇಲ್ಲಿತ್ತು ನಂದು," ಎಂದು ಅಲ್ಲೇ ಕುಳಿತರು. ನನಗೆ ಅಳು ಬಂತು. ಯಾರು ನೋಡಿದರೂ ಚಿಂತೆಯಿಲ್ಲವೆಂದು ಅತ್ತುಬಿಟ್ಟೆ, ಹೇಗೂ ಎಲ್ಲರ ಕಣ್ಣೂ ಒದ್ದೆಯಾಗಿಯೇ ಇದ್ದವು.

ಸುತ್ತಲೂ ಮಂದಿ ಕುಳಿತು, ಶೆಡ್ ತುಂಬಿ, ಬಾಗಿಲಲ್ಲೂ ನಿಂತರು. ಮಂಜುಳಾ ಪಾಪ, ಇಂಥ ಪ್ರೇಕ್ಷಕರನ್ನು ಕಂಡಿದ್ದಿಲ್ಲ. ಆದರೂ ಧೈರ್ಯ ಮಾಡಿ ನಡುವೆ ಬಂದು, ಇಲ್ಲದ ಎಮ್ಮೆಯ ಬೆನ್ನು ತಟ್ಟಿ, ಇಲ್ಲದ ಚರಿಗೆ ಹಿಡಿದು ಹಾಲು ಕರೆಯಲು ಕುಳಿತಳು. ಎಮ್ಮೆ ಒದೆಯಿತು. ಅವಳು ಬೈದಳು. ಮತ್ತೆ ಕುಳಿತಳು, ಮತ್ತೆ ಒದೆಯಿತು. ಮುಂದೆ ಕುಳಿತಿದ್ದ ಕಾಶವ್ವತ್ತೆಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಮೂರು ಎಮ್ಮೆ ಸಾಕಿದವರು.

"ಮದಲ ಕರಾ ಬಿಡವಾ. ಕರಾ ಬಿಡದ ಹೆಂಗ ಹಾಲ ಕೊಡತೈತಿ ಅದು?"

ದೀಪಾ ತಲೆಯ ಮೇಲೆ ಕೈ ಹೊತ್ತುಕೊಂಡಳು. ಆದರೆ ಮಂಜುಳಾ ಗಟ್ಟಿಗಿತ್ತಿ. ಕುಳಿತಲ್ಲಿಂದಲೇ ತಿರುಗಿ, "ಹೌದಲ್ಲಬೇ, ಮರತ ಬಿಟ್ಟಿದ್ನಿ. ನೀನ ಹಿಡಕೊಂಡ ಬಾ," ಎಂದಳು. ಕಾಶವ್ವತ್ತೆ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಹಗ್ಗ ಹಿಡಿದು, ಬರಲೊಲ್ಲದ ಕರುವನ್ನು ಎಳೆದಾಡುತ್ತ ನಡುವೆ ಬಂದೇಬಿಟ್ಟರು. ಅಲ್ಲಿಂದ ಮುಂದೆ ಅದು ಯಾರ ನಾಟಕವೋ ದೇವರಿಗೇ ಗೊತ್ತು. ಹುಲ್ಲು ಹಾಕಿದವರೊಬ್ಬರು, ನೊಣ ಓಡಿಸಿದವರೊಬ್ಬರು. ಎಮ್ಮೆ ಕೊನೆಗೂ ಹಾಲು ಕೊಟ್ಟಾಗ ಮುಧೋಳದಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ನನ್ನ ನಾದಿನಿ, ಚಪ್ಪಾಳೆ ಹೊಡೆಯುತ್ತಿದ್ದ ಅಪ್ಪನನ್ನು ಬಾಯಿ ತೆರೆದು ನೋಡುತ್ತಿದ್ದಳು.

ಎಲ್ಲರಿಗೂ ಚುರುಮುರಿ, ಚಹಾ ಆಯಿತು. ಮಂದಿ ಚದುರಿದ ಮೇಲೆ ದೀಪಾ ಅಜ್ಜನ ಮುಂದೆ ಬಂದು ಕುಳಿತಳು. "ಅಜ್ಜಾ, ಶೆಡ್ ತುಂಬಿತ್ತು."

"ತುಂಬಿತ್ತು ಖರೆ," ಎಂದರು ಮಾವ. "ಆದ್ರ ಅವರು ನಾ ಸತ್ತೇನಂತ ಬಂದವರು, ನಿನ್ನ ನಾಟಕಕ್ಕಲ್ಲ. ಇದು ಲೆಕ್ಕಕ್ಕ ಹಿಡ್ಯೂದಿಲ್ಲ."

ಮಗಳ ಮುಖ ಇಳಿಯಿತು. ಇಷ್ಟೆಲ್ಲ ಆದ ಮೇಲೂ ಈ ಮುದುಕನ ಹಟ ನೋಡಿ ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಅವರೇ ಹೇಳಿದರು:

"ಇನ್ನೊಂದ ಆಡ್ರಿ. ನಾ ಬದುಕೇನಿ ಅಂತ ಗೊತ್ತಿದ್ದೂ ಬರ್ತಾರೇನ ನೋಡೂನು."

ಇನ್ನೊಂದು ಆಡಿದರು. ಅದಕ್ಕೂ ಮಂದಿ ಬಂದರು. ಆಮೇಲೆ ಮಾತೇ ಇಲ್ಲದ ನಾಟಕವೊಂದು ಬಂತು, ಗೋಡೆಯ ಮೇಲೆ ನೆರಳಿನಲ್ಲೇ ಆಡಿದ್ದೊಂದು ಬಂತು. ಬೀಳಗಿಯ ಕಾಲೇಜು ಹುಡುಗಿಯರು ಮಗ್ಗದ ತಾಳಕ್ಕೆ ಕುಣಿದರು. ಆ ಒಂದು ದಿನ ಓಣಿಯವರು ಮಗ್ಗ ನಿಲ್ಲಿಸಲಿಲ್ಲ, ಬೇಕೆಂದೇ ಜೋರಾಗಿ ನಡೆಸಿದರು. ನೂಲಿನ ವ್ಯಾಪಾರಿ ಬೇರೆ ಕಡೆ ಗೋದಾಮು ಮಾಡಿಕೊಂಡರು.

ಮಾವನವರಿಗೆ ಈಗ ಎಂಬತ್ತು ದಾಟಿದೆ. ಪ್ರತಿ ಆಟಕ್ಕೂ ಎಲ್ಲರಿಗಿಂತ ಮೊದಲು ಹೋಗಿ ತಮ್ಮ ಜಾಗದಲ್ಲಿ ಕೂರುತ್ತಾರೆ. ಆಟ ಮುಗಿದದ್ದೇ ದೀಪಾ ಕೇಳುತ್ತಾಳೆ, "ಅಜ್ಜಾ, ಶೆಡ್ ನನಗ ಕೊಟ್ಟಂಗೋ ಇಲ್ಲೋ?" ಅವರು ಎದ್ದು ಧೋತರ ಜಾಡಿಸಿಕೊಂಡು, "ಇನ್ನೊಂದ ನೋಡಿ ಹೇಳ್ತೇನಿ," ಎನ್ನುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಅವರು ಆ ಮಾತು ಹೇಳುವ ತನಕ ನನಗೆ ಸಮಾಧಾನವಿರುವುದಿಲ್ಲ, ಇನ್ನೊಂದು ನೋಡಬೇಕೆನ್ನುವವರು ಅಲ್ಲಿಯ ತನಕ ಇರಲೇಬೇಕಲ್ಲ. ಅವರು "ಆತು, ಕೊಟ್ಟೆ" ಎನ್ನುವ ದಿನವನ್ನು ನೋಡುವ ಆಸೆ ನನಗೇನೂ ಇಲ್ಲ.