ತಾತನ ಡ್ರಾ

ನಮ್ಮ ತಾತ ಆ ಟೆಸ್ಟ್ ಪಂದ್ಯದ ಕತೆಯನ್ನು ಯಾವಾಗಲೂ ಬಿಸಿಲಿನಿಂದ ಶುರುಮಾಡುತ್ತಿದ್ದರು. ಎಂಬತ್ತಾರರಲ್ಲಿ ಆಸ್ಟ್ರೇಲಿಯಾದವರು ಮದರಾಸಿಗೆ ಬಂದಾಗ ಚೆಪಾಕ್ ಕ್ರೀಡಾಂಗಣದ ಸಿಮೆಂಟು ಮೆಟ್ಟಿಲು ಪೇಪರ್ ಹಾಸಿಕೊಂಡರೂ ಕೂರಲಾಗದಷ್ಟು ಕಾದಿತ್ತಂತೆ. ಅವರ ಬ್ಯಾಟ್ಸ್‌ಮನ್ ಒಬ್ಬ ಮೈದಾನದಲ್ಲೇ ವಾಂತಿ ಮಾಡಿಕೊಂಡು, ಬಾಯೊರೆಸಿಕೊಂಡು, ಮತ್ತೆ ಆಡಿದನಂತೆ. ಚಿಕ್ಕವಳಿದ್ದಾಗ ವೇಲಚೇರಿಯ ನಮ್ಮ ಫ್ಲ್ಯಾಟಿಗೆ ಯಾರೇ ಬರಲಿ, ತಾತ ಕತೆ ಹೇಳುವುದು, ನಾನು ಸೋಫಾ ಪಕ್ಕ ಬಗ್ಗಿ ಆ ವಾಂತಿಯನ್ನು ಅಭಿನಯಿಸುವುದು, ಇದು ಭಾನುವಾರದ ಕಾರ್ಯಕ್ರಮ.

"ಐದು ದಿನಾನೂ ಹೋಗಿದ್ದೆ, ಲೀವ್ ಹಾಕಿ. ಕಡೇಲಿ ಡ್ರಾ ಆಯ್ತು" ಎಂದು ಮುಗಿಸುತ್ತಿದ್ದರು.

ಅದು ಡ್ರಾ ಅಲ್ಲ, ಟೈ. ಆ ಸರಣಿಯ ಉಳಿದೆರಡು ಪಂದ್ಯ ಸಮಯ ಮುಗಿದು ಡ್ರಾ ಆದವು, ನಿಜ. ಆದರೆ ಇಲ್ಲಿ ಕೊನೆಯ ವಿಕೆಟ್ ಬಿದ್ದಾಗ ಎರಡೂ ಕಡೆಯ ರನ್ನು ಸಮ. ಟೆಸ್ಟ್ ಕ್ರಿಕೆಟ್ಟಿನಲ್ಲಿ ಹಾಗಾದದ್ದು ಎರಡೇ ಸಲ. ಕಣ್ಣಾರೆ ಕಂಡವನು ಅದನ್ನು ಡ್ರಾ ಎನ್ನುತ್ತಾನೆಯೇ?

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದ ಮರುದಿನ, ಅಪ್ಪನ ಆಫೀಸಿನವರ ಎದುರೇ ಕೇಳಿದೆ: "ತಾತ, ಕೊನೇ ವಿಕೆಟ್ ಹೇಗೆ ಬಿತ್ತು?"

"ಅದು... ಡ್ರಾ ಆಯ್ತಲ್ಲಮ್ಮ."

"ಟೈಗೂ ಡ್ರಾಗೂ ವ್ಯತ್ಯಾಸ ಗೊತ್ತಿಲ್ಲದವರು ಅಲ್ಲಿದ್ರು ಅಂತ ಹೇಗೆ ನಂಬೋದು?"

ಬಂದವರು ನಕ್ಕರು. ತಾತನೂ ನಕ್ಕರು. ಆಮೇಲೆ ತಮ್ಮ ಕಾಫಿ ಲೋಟವನ್ನು ತಾವೇ ತೊಳೆಯಲು ಎದ್ದು ಹೋದರು. ಮುಂದಿನ ಭಾನುವಾರ ಕತೆ ಇಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ವಾದ ಗೆದ್ದ ಮನೆಯಲ್ಲಿ ಇಷ್ಟು ಮೌನ ಇರುತ್ತದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಈಗ ಸಮಾಧಾನವಾ ವಕೀಲಮ್ಮಾ?" ಅಜ್ಜಿ ಬೀನ್ಸ್ ಹೆಚ್ಚುತ್ತಾ ಕೇಳಿದರು. "ಪಾವಂ, ಅವರು ಕಡೇವರೆಗೂ ಎಲ್ಲಿದ್ರು? ಆಗ ನಾವಿದ್ದ ತಿರುವಲ್ಲಿಕ್ಕೇಣಿಲಿ ನಲ್ಲಿ ಒಣಗಿತ್ತು. ನಿಮ್ಮತ್ತೆ ನನ್ನ ಹೊಟ್ಟೇಲಿ, ಏಳು ತಿಂಗಳು. ಸಾಯಂಕಾಲ ತಣ್ಣಿ ಲಾರಿ ಬರ್ತಿತ್ತು. ನೀರಿನ ಕೊಡ ಯಾರು ಹೊರೋದು?"

ತಾತ ಬಾಲ್ಕನಿಯಲ್ಲಿದ್ದರು. ಪಕ್ಕದಲ್ಲಿ ಹೋಗಿ ಕೂತೆ. "ಎಷ್ಟೊತ್ತಿಗೆ ಎದ್ದು ಬಂದ್ರಿ?"

"ಕೊನೇ ದಿನ ಟೀ ಹೊತ್ತಿಗೆ. ಡ್ರಾನೇ ಗತಿ, ಹೋಗು ಹೋಗು ಅಂದ ಪಕ್ಕದವನು. ನಡ್ಕೊಂಡೇ ಬಂದೆ. ಲಾರಿ ಕ್ಯೂಲಿ ನಿಂತಿದ್ದಾಗ ಚೆಪಾಕ್ ಕಡೆಯಿಂದ ಒಂದು ಕೂಗು ಬಂತು. ಅರ್ಧಕ್ಕೇ ನಿಂತೋಯ್ತು. ಅಂಥ ಕೂಗು ನಾನು ಮತ್ತೆ ಕೇಳಿಲ್ಲ. ಮುಂದಿದ್ದವನ ಟ್ರಾನ್ಸಿಸ್ಟರ್‌ನಲ್ಲಿ ಟೈ ಅಂದ್ರು."

"ಗೊತ್ತಿತ್ತಲ್ಲ! ಮತ್ತೆ ಟೈ ಅಂತಾನೇ ಹೇಳಬಹುದಿತ್ತು."

"ನೋಡದ್ದನ್ನ ನೋಡಿದೆ ಅಂತ ಹೇಗಮ್ಮ ಹೇಳೋದು? ನಾನು ಎದ್ದಾಗ ಡ್ರಾ."

ಐದು ದಿನ ಹೋಗಿದ್ದೆ ಎಂದಿದ್ದರು. ಕೊನೆಯ ಚೆಂಡು ಕಂಡೆ ಎಂದು ಒಂದು ಸಲವೂ ಅಂದಿರಲಿಲ್ಲ. ಹೇಳದ ಮಾತನ್ನು ಎದುರಾಳಿಯ ಬಾಯಿಗೆ ತುರುಕಿ ಖಂಡಿಸುವುದು ನಮ್ಮ ಚರ್ಚಾಸ್ಪರ್ಧೆಯಲ್ಲಿ ಅಂಕ ಕಳೆಯುವ ತಪ್ಪು. ಆ ತಪ್ಪಿಗೆ ನಾನು ಮನೆಗೆ ಬಂದವರ ನಗುವನ್ನು ಬಹುಮಾನವಾಗಿ ಪಡೆದಿದ್ದೆ.

ಮುಂದಿನ ಭಾನುವಾರ ಅಪ್ಪನ ಅದೇ ಸಹೋದ್ಯೋಗಿಗಳು ಬಂದರು. ತಾತ ಪೇಪರ್‌ನಲ್ಲಿ ಮುಖ ಹುದುಗಿಸಿಕೊಂಡಿದ್ದರು.

"ತಾತ, ಬಿಸಿಲಿನಿಂದ ಶುರುಮಾಡಿ" ಎಂದೆ.

ನನ್ನನ್ನೇ ನೋಡಿದರು. ನಾನು ಸೋಫಾ ಪಕ್ಕಕ್ಕೆ ಹೋಗಿ, ಈ ವಯಸ್ಸಿನಲ್ಲಿ, ಬಗ್ಗಿ ನಿಂತೆ. ಪೇಪರ್ ಮಡಿಸಿದರು. ಮೆಟ್ಟಿಲು ಕಾಯಿತು, ಬ್ಯಾಟ್ಸ್‌ಮನ್ ವಾಂತಿ ಮಾಡಿದ, ಕಡೇಲಿ ಡ್ರಾ ಆಯ್ತು.

"ಸಾರ್, ಅದು ಟೈ ಅಲ್ವಾ?" ಒಬ್ಬರು ತುಂಟನಗೆಯಿಂದ ನನ್ನ ಕಡೆ ನೋಡಿದರು.

"ಇವರ ಸಾಕ್ಷಿ ಡ್ರಾವರೆಗೆ ಮಾತ್ರ" ಎಂದೆ. "ಆಮೇಲಿಂದಕ್ಕೆ ಅಜ್ಜೀನ ಕೇಳಿ."

"ಆರು ಕೊಡ ನೀರು ಸಿಕ್ತು" ಎಂದರು ಅಜ್ಜಿ ಅಡುಗೆಮನೆಯಿಂದ. "ಒಂದರಲ್ಲಿ ಅರ್ಧ ಚೆಲ್ಲಿಕೊಂಡು ಬಂದ್ರು."

"ಆ ಕೂಗು ಇನ್ನೂ ಕಿವೀಲೇ ಇತ್ತಲ್ಲೇ, ಅದಕ್ಕೆ!" ಎಂದರು ತಾತ.