ಮೂರನೆಯ ದಿನದ ಸಾಕ್ಷಿ

ಹಸಿ ಮಣ್ಣಿನ ಮೇಲೆ ಕಾಸಿದ ತುಪ್ಪ ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ನಮ್ಮಲ್ಲಿ ಸತ್ತವರನ್ನು ಹೂಳುತ್ತೇವೆ. ಮೂರನೆಯ ದಿನ ಬೆಳಗ್ಗೆ ಮನೆಮಂದಿಯೆಲ್ಲ ಹೋಗಿ ಆ ಮಣ್ಣಿನ ಮೇಲೆ ಹಾಲು-ತುಪ್ಪ ಬಿಟ್ಟು ಬರುತ್ತೇವೆ. ಹೋದ ವಾರ ಮೂಡಲಗಿಯಲ್ಲಿ ಬೀಗರೊಬ್ಬರ ಹಾಲು-ತುಪ್ಪಕ್ಕೆ ಹೋಗಿದ್ದೆ. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ನನಗೊಬ್ಬನಿಗೆ ನಗು ಬಂತು. ದುಃಖ ಉಕ್ಕಿತೆಂದು ತಿಳಿದು ಪಕ್ಕದವರು ಬೆನ್ನು ಸವರಿದರು. ನಗುವವನ ಹೆಗಲೂ ಅಳುವವನ ಹೆಗಲೂ ಒಂದೇ ರೀತಿ ಅಲುಗುವುದು ದೇವರು ನನ್ನಂಥವರಿಗಾಗಿಯೇ ಮಾಡಿದ ಉಪಕಾರವಿರಬೇಕು.

ನೆನಪಾದದ್ದು ಗೋಕಾಕದ ನಮ್ಮ ಕಾಕಾನ ಮನೆಯ ಕಟ್ಟೆ, ಬಹಳ ವರ್ಷಗಳ ಹಿಂದಿನ ಒಂದು ಬೇಸಿಗೆಯ ಸಂಜೆ. ನಾವು ನಾಲ್ವರಿದ್ದೆವು. ಕೋರ್ಟಿನಿಂದ ಬಂದು ಕರಿ ಕೋಟನ್ನು ಗೂಟಕ್ಕೆ ಹಾಕಿ ಕೂತಿದ್ದ ಕಾಕಾ. ಪಂಪ್‌ಸೆಟ್ ರಿಪೇರಿ ಅಂಗಡಿಯ ದಸ್ತಗೀರಸಾಬರು. ಪರರ ಮಾತಿನಲ್ಲಿ ಬಾಯಿ ಹಾಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ನಾನು. ಮತ್ತು ಬಾಜೂ ಮನೆಯ ರೂತ ಅಕ್ಕೋರು. ಹುಕ್ಕೇರಿ ಕಡೆಯವರು, ಕ್ರೈಸ್ತರು, ಕನ್ನಡ ಸಾಲಿಯಲ್ಲಿ ಶಿಕ್ಷಕಿ. ಅವರ ಯಜಮಾನರು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು, ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಅಕ್ಕೋರು ನಕ್ಕಿದ್ದನ್ನು ನಾವು ಕಂಡಿರಲಿಲ್ಲ.

"ವಕೀಲ್ರ, ಈಸ್ಟರ್ ದಿನ ಮುಂಜಾನೆ ನಾನ ಬೈಬಲ್ ಪಾಠ ಓದಬೇಕಂತ ಸಭಾಪಾಲಕರು ಹೇಳ್ಯಾರ," ಎಂದರು. "ಅದೂ ಗೋರಿಗಳ ನಡುವ ನಿಂತು. ಮೊದಲ ಆಗಿದ್ರ ಬಾಯಿಪಾಠ ಒಪ್ಪಿಸಿದಂಗ ಓದತಿದ್ದೆ. ಈಗ ನಮ್ಮನಿಯವರು ಅಲ್ಲೇ ಮಲಗ್ಯಾರ. ಖರೆ ಅನಸದ್ದನ್ನ ಅವರ ಮುಂದ ಹ್ಯಾಂಗ ಓದ್ಲಿ? ಯೇಸು ಎದ್ದದ್ದು ಖರೆನೋ ಅಲ್ಲೋ, ನೀವು ಎದುರಿನ ವಕೀಲರಾಗಿ ನಿಂತು ಕೆದರ್ರಿ. ನನ್ನ ವಾದ ಬಿತ್ತಂದ್ರ ನಾ ಓದಂಗಿಲ್ಲ."

ಕಾಕಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ. "ಮನಸಿಗೆ ಹಚ್ಚಿಕೊಳ್ಳಂಗಿಲ್ಲ ನೋಡ್ರಿ ಮತ್ತ," ಎಂದ.

"ಹಚ್ಚಿಕೊಂಡೇ ಬಂದೇನ್ರಿ."

ದಸ್ತಗೀರಸಾಬರು ಮೊದಲೇ ಕೈ ಎತ್ತಿದರು. "ನಮ್ಮಾಗ ಈಸಾ ಪೈಗಂಬರರು ಶಿಲುಬೆ ಮ್ಯಾಲೆ ತೀರಿಕೊಳ್ಳಲೇ ಇಲ್ಲ, ಅಲ್ಲಾ ಎತ್ತಿಕೊಂಡ ಅಂತೀವ್ರಿ. ಹಿಂಗಾಗಿ ನಾ ಈ ಕೇಸಿನಾಗಿಲ್ಲ. ಚಾ ಬಂದ್ರ ಕುಡೀತೇನಿ."

ಕಾಕಾ ಶುರುಮಾಡಿದ. ಹೆಣವನ್ನು ಶಿಷ್ಯರೇ ಕದ್ದು ಸುದ್ದಿ ಹಬ್ಬಿಸಿರಬೇಕು ಎಂದ. "ಕದ್ದವರು ಆಮ್ಯಾಲೆ ಅದರ ಸಲುವಾಗಿ ಹೊಡತ ತಿಂದ್ರು, ಜೈಲು ಕಂಡ್ರು," ಎಂದರು ಅಕ್ಕೋರು. ಕಾಕಾ ತಲೆ ಕೆರೆದುಕೊಂಡ. "ನನ್ನ ಕಕ್ಷಿದಾರರು ಕದ್ದ ಎಮ್ಮಿ ಸಲುವಾಗಿ ಒಂದ ರಾತ್ರಿ ಲಾಕಪ್ಪಿನಾಗ ಕುಂತ್ರ ಸಾಕು, ಕೊಟಗಿ ತೋರಸತಾರ. ಇದು ಬಿಡ್ರಿ."

ಸತ್ತೇ ಇರಲಿಲ್ಲ, ಮೂರ್ಛೆ ಹೋಗಿದ್ದ ಎಂಬುದು ಎರಡನೆಯ ವಾದ. ಅದಕ್ಕೆ ಅಕ್ಕೋರು ಕಂಪೌಂಡರನ ಹೆಂಡತಿಯಾಗಿಯೇ ಉತ್ತರ ಕೊಟ್ಟರು. "ಅಷ್ಟು ಗಾಯ ಆದಾಂವ ತಿರುಗಿ ಬಂದ್ರ ಯಾರೂ ದೇವರಂತ ಕಾಲಿಗೆ ಬೀಳೂದಿಲ್ರಿ. ಹೊತ್ಕೊಂಡು ದವಾಖಾನಿಗೆ ಓಡತಾರ."

"ಹಂಗಾದ್ರ ಮೂರನೇ ದಿನ ಹೆಣಕ್ಕ ಸುಗಂಧ ಹಚ್ಚಾಕಂತ ಹೋದ ಹೆಣ್ಣಮಕ್ಕಳು, ಬೆಳಕ ಹರಿಯೂದ್ರಾಗ ಹೋಗಿ ಗೋರಿ ತಪ್ಪಿರಬೇಕು. ಬ್ಯಾರೆ ಖಾಲಿ ಗೋರಿ ನೋಡಿ ಗಾಬರಿ ಆಗ್ಯಾರ."

ಇಲ್ಲಿ ನಾನು ಬಾಯಿ ಹಾಕಿದೆ. ಹಾಕದೆ ಹೇಗಿರಲಿ? ನಾಗನೂರಿನಲ್ಲಿ ನಮ್ಮ ಅಜ್ಜಿ ತೀರಿಕೊಂಡ ಮೂರನೆಯ ದಿನ, ಮಬ್ಬುಗತ್ತಲಲ್ಲಿ ಮನೆಮಂದಿಯನ್ನೆಲ್ಲ ನಡೆಸಿಕೊಂಡು ಹೋದವನು ಇದೇ ಕಾಕಾ. ಹೊಸ ಮಣ್ಣು ಕಂಡಿತು. ಹಾಲು ಬಿಟ್ಟೆವು, ತುಪ್ಪ ಬಿಟ್ಟೆವು, ಸೋದರತ್ತೆ ಅಜ್ಜಿಯ ಗುಣಗಳನ್ನು ಹಾಡಿಕೊಂಡು ಅತ್ತಳು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ತಮ್ಮ ತಂಬಿಗೆ ಹಿಡಿದುಕೊಂಡು ಬಂದು, "ಯವ್ವಾ, ಅತ್ತದ್ದು ಚಲೋ ಆತು. ಆದ್ರ ಇಂವ ನಮ್ಮಪ್ಪ. ನಿಮ್ಮಕಿ ಆ ಬೇವಿನ ಗಿಡದ ಬುಡಕ ಅದಾಳ," ಎಂದಿದ್ದರು. ಮೊನ್ನೆ ಮೂಡಲಗಿಯಲ್ಲಿ ನನ್ನ ಹೆಗಲು ಅಲುಗಿಸಿದ್ದು ಈ ಮಾತೇ.

ಕಥೆ ಕೇಳಿ ದಸ್ತಗೀರಸಾಬರು ಚಹಾ ಚೆಲ್ಲಿಕೊಂಡರು. ಅಕ್ಕೋರು ಮಾತ್ರ ಅದನ್ನೇ ಎತ್ತಿಕೊಂಡರು. "ನೋಡ್ರಿ ವಕೀಲ್ರ, ನೀವು ತಪ್ಪಿದ್ದು ನಾಷ್ಟಾ ಹೊತ್ತಿಗೆ ಊರಿಗೆಲ್ಲ ಗೊತ್ತಾತು. ಅಲ್ಲೂ ತನ್ನ ಗೋರಿ ಬಿಟ್ಟುಕೊಟ್ಟ ಯಜಮಾನ ಇದ್ನಲ್ಲ, ಬೇವಿನ ಗಿಡ ತೋರಸವರು ಇರಲಿಲ್ಲೇನು?"

"ಮನಿ ಮರ್ಯಾದಿ ಕಳದ್ಯಲ್ಲೋ," ಎಂದು ಕಾಕಾ ನನ್ನತ್ತ ನೋಡಿದ. ಬಳಿಕ, ಕಥೆಗಳು ಬಾಯಿಂದ ಬಾಯಿಗೆ ಬೆಳೆಯುತ್ತವೆ, ಇದೂ ಹಾಗೆ ಬೆಳೆದಿರಬಹುದು ಎಂದು ಶುರುಮಾಡಿ ತಾನೇ ತಡೆದುಕೊಂಡ. "ಆದ್ರ ಕಟ್ಟಿದ ಕಥಿ ಆಗಿದ್ರ ದೊಡ್ಡ ಗಂಡಸರನ್ನ ಮೊದಲ ಸಾಕ್ಷಿ ಮಾಡತಿದ್ರು. ಆ ಕಾಲದಾಗ ಹೆಣ್ಣಮಕ್ಕಳ ಮಾತಿಗೆ ಕಿಮ್ಮತ್ತು ಎಲ್ಲಿತ್ತು? ಸುಳ್ಳ ಸಾಕ್ಷಿ ತಯಾರ ಮಾಡವ ಇಂಥ ಸಾಕ್ಷಿ ತರಂಗಿಲ್ಲ."

ಉಳಿದದ್ದು ಒಂದೇ. ಅದನ್ನು ಹೇಳುವಾಗ ಕಾಕಾನ ದನಿ ತಗ್ಗಿತು. "ದುಃಖದಾಗ ಇದ್ದವರಿಗೆ ಸತ್ತವರು ಕಾಣತಾರ್ರಿ ಅಕ್ಕೋರ. ಅವರಿಗೂ ಹಂಗ ಕಂಡಿರಬೇಕು."

ಅಕ್ಕೋರು ತಮ್ಮ ಮನೆಯ ಬಾಗಿಲ ಕಡೆ ನೋಡಿದರು.

"ನನಗೂ ಕಂಡಾರ್ರಿ," ಎಂದರು. "ಅಡಗಿಮನಿ ಬಾಗಲದಾಗ ನಿಂತಿದ್ರು, ಅಂಗಿ ತೋಳು ಮಡಚಿಕೊಂಡು. ಹೊಳ್ಳಿ ನೋಡೂದ್ರಾಗ ಇಲ್ಲ. ಆವಾಗ ಓಣ್ಯಾಗ ಓಡಿ ಬಂದು 'ಎದ್ದ ಬಂದಾರ' ಅಂತ ನಿಮಗ ಹೇಳಿದ್ನೇನು? ಇಲ್ಲ. ಗ್ವಾಡಿಗೆ ತಲಿ ಹಚ್ಚಿ ಅತ್ತೆ. ಕಂಡಮ್ಯಾಲೆ ಅವರು ಸತ್ತದ್ದು ಇನ್ನೂ ಗಟ್ಟಿ ಆತು ನೋಡ್ರಿ. ಆ ಹೆಣ್ಣಮಕ್ಕಳು ಓಡಿ ಹೋಗಿ ಹೇಳಿದ್ರು. ಅವರು ಕಂಡದ್ದು ನಾ ಕಂಡಂಥಾದ್ದಲ್ಲ."

ಕಾಕಾ ಅಡಕೊತ್ತನ್ನು ಬದಿಗೆ ಸರಿಸಿದ. ಆಮೇಲೆ ಹೇಳಿದ: "ಅಕ್ಕೋರ, ನಾ ತಂದ ವಾದದಾಗ ಒಂದೂ ಪೂರಾ ನಿಲ್ಲಲಿಲ್ಲ. ಅವು ಬಿದ್ವು ಅಂತ ನಿಮ್ಮದು ಗೆದ್ದಂಗಲ್ಲ. ಸತ್ತಾಂವ ಎದ್ದಾನ ಅನ್ನಾಕ ನನ್ನ ನಾಲಿಗಿ ಏಳೂದಿಲ್ಲ. ಆದ್ರ ಆ ಹೆಣ್ಣಮಕ್ಕಳು ಸುಳ್ಳು ಹೇಳಲಿಲ್ಲ. ಇಷ್ಟನ್ನ ಯಾವ ಕೋರ್ಟಿನಾಗ ಬೇಕಾದ್ರೂ ನಿಂತು ಹೇಳತೇನಿ."

ಅಕ್ಕೋರು ಓದುತ್ತೇನೆ ಎನ್ನಲಿಲ್ಲ, ಓದುವುದಿಲ್ಲ ಎಂದೂ ಅನ್ನಲಿಲ್ಲ. ಸೆರಗು ಹೊದ್ದುಕೊಂಡು ಮನೆಗೆ ಹೋದರು.

ಆ ಕೇಸು ಆಮೇಲೆ ನನ್ನ ತಲೆಯಲ್ಲಿ ನಡೆಯುತ್ತಲೇ ಇದೆ. ನಾನು ಕ್ರೈಸ್ತನಾಗಲಿಲ್ಲ, ಆಗುವವನೂ ಅಲ್ಲ. ಆದರೆ ಅಷ್ಟು ಕೋಟಿ ಜನರ ನಂಬಿಕೆಗೆ ಕಳ್ಳತನ, ಮೂರ್ಛೆ, ಭ್ರಮೆ ಎಂದು ಯಾರಾದರೂ ಒಂದು ಪದದಲ್ಲಿ ಷರಾ ಬರೆದರೆ ನನಗೆ ನಗು ಬರುತ್ತದೆ. ಅಂಥವರು ಯಾರ ಹಾಲು-ತುಪ್ಪಕ್ಕೂ ಹೋದವರಲ್ಲ. ಸಾವು ಎಂದರೆ ಏನೆಂದು ಮೂರನೆಯ ದಿನ ಮಣ್ಣಿಗೆ ಹೋಗುವ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಮೊನ್ನೆ ನಗು ಇಳಿದ ಮೇಲೆ, ಗಂಡಸರ ಸಾಲಿನಿಂದ ಸರಿದು ಆ ಮನೆಯ ಹೆಂಗಸರ ಬಳಿ ಹೋಗಿ ಕೂತೆ. ಅವರು ಹೇಳಿದ್ದನ್ನೆಲ್ಲ, ನನಗದು ಹೊಸ ಅಭ್ಯಾಸವೇ, ನಡುವೆ ಬಾಯಿ ಹಾಕದೆ ಕೇಳಿದೆ.

ಆ ವರ್ಷದ ಈಸ್ಟರ್‌ನ ಮುಂಜಾನೆ ಕಾಕಾ, ದಸ್ತಗೀರಸಾಬರು ಮತ್ತು ನಾನು ಗೋಕಾಕದ ಕ್ರೈಸ್ತರ ಸ್ಮಶಾನಕ್ಕೆ ಹೋಗಿ ಹಿಂದೆ ನಿಂತೆವು. ಗೋರಿಗಳ ಮೇಲೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಸಭಾಪಾಲಕರು ಹೆಸರು ಕರೆದಾಗ ರೂತ ಅಕ್ಕೋರು ಎದ್ದು, ಯಜಮಾನರ ಗೋರಿಯ ಬಳಿಯೇ ನಿಂತು, ಸಾಲಿಯಲ್ಲಿ ಪಾಠ ಓದುವ ಗಟ್ಟಿ ದನಿಯಲ್ಲಿ ಓದತೊಡಗಿದರು. ಹೆಂಗಸರು ಓಡಿಬಂದು ಹೇಳಿದ್ದನ್ನು ಗಂಡಸರು ನಂಬಲಿಲ್ಲ ಎಂಬ ಮಾತು ಬಂದಾಗ ತಲೆಯೆತ್ತಿ ನಮ್ಮ ಕಡೆ ನೋಡಿ ನಕ್ಕರು. ಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಅಕ್ಕೋರು ಮುಂದಿನ ಸಾಲಿಗೆ ಬೆರಳಿಟ್ಟು, ಕೊನೆಯವರೆಗೂ ಓದಿದರು.