ಯಾರಿಗೂ ತೋರಿಸಬಾರದಾಗಿದ್ದ ವಿಡಿಯೊ

"ತಿಂಡಿ ಆಯ್ತಾ ಮೇಡಂ?"

ಮಾದಿಹಳ್ಳಿ ಹತ್ತಿರದ ಈ ಊರಿನ ಶಾಲೆಗೆ ನಾನು ಬಂದ ಮರುದಿನ ಬೆಳಿಗ್ಗೆ, ಹಾಲಿನ ಕ್ಯಾನು ಹಿಡಿದ ಹೆಂಗಸೊಬ್ಬಳು ಕೇಳಿದಳು. ನಮ್ಮ ಇಂಡಿ ಕಡೆ ತಿಂಡಿ ಎಂದರೆ ಮೈತುರಿಕೆ. ಕತ್ತಿನ ಮೇಲೆ ಏನಾದರೂ ಕಂಡಿತೇನೋ ಎಂದು ಸೆರಗು ಎಳೆದುಕೊಂಡು, "ಇಲ್ರೀ, ನನಗ ಅಂಥಾದ್ದೇನಿಲ್ರೀ" ಎಂದೆ. ಅಯ್ಯೋ ಪಾಪ ಎಂದವಳೇ ಒಳಗೆ ಹೋಗಿ ಬಿಸಿ ಅಕ್ಕಿರೊಟ್ಟಿ ತಂದಿಟ್ಟಳು. ಇಲ್ಲಿ ತಿಂಡಿ ಎಂದರೆ ನಾಷ್ಟಾ ಎಂದು ನನಗೆ ತಿಳಿದದ್ದು ಹಾಗೆ.

ಅವಳು ರತ್ನ, ನಾನು ಬಾಡಿಗೆಗೆ ಹಿಡಿದ ಕೋಣೆಯ ಮನೆಯ ಸೊಸೆ.

ನಮ್ಮಲ್ಲಿ ಎರೆಹೊಲದ ಅಂಚಿನಲ್ಲಿ ನಿಂತರೆ ಆಕಾಶ ನೆಲ ಮುಟ್ಟುವುದು ಕಾಣುತ್ತದೆ. ಇಲ್ಲಿ ಎತ್ತ ತಿರುಗಿದರೂ ತೆಂಗಿನಮರ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂಬುದನ್ನು ಕಲಿಯಲು ನನಗೆ ತಿಂಗಳು ಹಿಡಿಯಿತು. ತರಗತಿಯಲ್ಲಿ ನಾನು "ಹೌದಲ್ರೀ" ಎಂದರೆ ಮಕ್ಕಳು ನಗುತ್ತಿದ್ದರು. ಭಾನುವಾರ ಮಾತ್ರ ಬಾಯಿ ಬಿಚ್ಚಿ ಮಾತಾಡುತ್ತಿದ್ದೆ, ಶಿವಲೀಲಾ ಜೊತೆಗೆ. ಆಕೆಯೂ ನಮ್ಮ ಕಡೆಯವಳೇ, ಪಕ್ಕದ ಊರಿನಲ್ಲಿ ಟೀಚರು. ಹಳೇಬೀಡಿನ ಕೆರೆ ಏರಿಯ ಮೇಲೆ ಕೂತು ಆಕೆ "ಏನ್ ಮಾಡಾಕತ್ತೀಯವ್ವಾ?" ಎಂದರೆ ಸಾಕು, ನನ್ನ ಕಣ್ಣು ತುಂಬುತ್ತಿತ್ತು.

ಒಂದು ಮಧ್ಯಾಹ್ನ ರತ್ನ ತನ್ನ ಫೋನು ಹಿಡಿದು ನನ್ನ ಕೋಣೆಗೆ ಬಂದಳು. ಡೈರಿಯವರ ಗುಂಪಿನಲ್ಲಿ ಏನೋ ಮೆಸೇಜು ಬಂದಿತ್ತು.

"ಓದಕ್ಕೆ ಬರಾಕಿಲ್ಲ ಕಣಕ್ಕ. ಕಣ್ಣು ನೋಯ್ತದೆ ಅಂತ ಹೇಳಿ ಮಗಳ ಕೈಲಿ ಓದುಸ್ಕೋತೀನಿ."

ಚಿಕ್ಕವಳಿದ್ದಾಗ ತಾಯಿಯ ಜೊತೆ ಬಿಕ್ಕೋಡಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿ ಅವಳ ಶಾಲೆ ನಿಂತುಹೋಗಿತ್ತಂತೆ. ಆದರೆ ಮದುವೆಯ ಮಾತುಕತೆಯಲ್ಲಿ ಅವಳ ಅಣ್ಣ, ತಂಗಿ ಏಳನೇ ಕ್ಲಾಸು ಪಾಸು ಎಂದುಬಿಟ್ಟಿದ್ದ. ಹೆಸರು ಬರೆಯುವುದನ್ನಷ್ಟೇ ಬಾಯಿಪಾಠದಂತೆ ಕಲಿತು ಅವಳು ಹನ್ನೆರಡು ವರ್ಷ ಸಂಸಾರ ಮಾಡಿದ್ದಳು.

ಅಂದಿನಿಂದ ದಿನಾ ಶಾಲೆ ಬಿಟ್ಟ ಮೇಲೆ ನಮ್ಮ ಪಾಠ. ಪುಸ್ತಕ ಹಿಡಿದರೆ ಮನೆಯವರಿಗೆ ಗೊತ್ತಾಗುತ್ತದೆ, ಫೋನಾದರೆ ಯಾರೂ ಕೇಳುವುದಿಲ್ಲ. ಅಕ್ಷರವನ್ನು ಬೆರಳಿನಲ್ಲಿ ದೊಡ್ಡದು ಮಾಡಿ ನೋಡುವಳು. ಪದ ಮುಟ್ಟಿದರೆ ಫೋನು ಓದಿ ಹೇಳುವುದು. "ಇದು ನಗಾಕಿಲ್ಲ ಕಣಕ್ಕ, ಎಷ್ಟು ಸಲ ಕೇಳಿದ್ರೂ ಹೇಳ್ತದೆ" ಎನ್ನುತ್ತಿದ್ದಳು.

ಒಂದು ಪುಟ ಪೂರ್ತಿ ಓದಿದ ದಿನ, ಅವಳ ಓದು ಅವಳಿಗೇ ಕೇಳಿಸಲಿ ಎಂದು ನನ್ನ ಫೋನಿನಲ್ಲಿ ವಿಡಿಯೊ ಮಾಡಿದೆ. ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ, "ಯಾರ್ಗೂ ತೋರ್ಸಬೇಡಿ. ನಮ್ಮತ್ತೆಗೆ ಗೊತ್ತಾದ್ರೆ ನಾ ಕೆಟ್ಟೆ" ಎಂದಳು. ಇಲ್ಲ ಎಂದು ಮಾತು ಕೊಟ್ಟೆ.

ಮಾತು ಕೊಟ್ಟು ಮೂರು ದಿನವಾಗಿರಲಿಲ್ಲ. ಸಂತೋಷ ತಡೆಯಲಾರದೆ ಅದನ್ನು ಶಿವಲೀಲಾಗೆ ಕಳಿಸಿ, 'ನೋಡಿ ಅಳಸಿಬಿಡು, ಯಾರಿಗೂ ಹೇಳಬ್ಯಾಡ' ಎಂದು ಬರೆದೆ. ನಮ್ಮಾಕಿ ತಾನೆ ಎಂಬ ಧೈರ್ಯ.

ಆ ವಾರವೇ ತಾಲ್ಲೂಕಿನ ಟೀಚರುಗಳ ಗುಂಪಿನಲ್ಲಿ ಆ ವಿಡಿಯೊ ಬಂತು. ಕೆಳಗೆ, 'ಅಕ್ಷರ ಬಾರದ ತಾಯಿಗೆ ಮೊಬೈಲ್ ಪಾಠ, ನನ್ನದೊಂದು ಪುಟ್ಟ ಪ್ರಯತ್ನ' ಎಂಬ ಸಾಲು, ಶಿವಲೀಲಾಳ ಹೆಸರು. ಚಪ್ಪಾಳೆಯ ಚಿತ್ರಗಳ ಸಾಲೇ ಬಂತು. ನಾನು ಶಾಲೆಯಿಂದ ಬರುವಷ್ಟರಲ್ಲಿ ನಮ್ಮ ಶಾಲೆಯ ಪೋಷಕರ ಗುಂಪಿಗೂ ಯಾರೋ ಹಾಕಿಯಾಗಿತ್ತು.

ಅಂಗಳದಲ್ಲಿ ರತ್ನಳ ಅತ್ತೆ ನಂಜಮ್ಮ ಫೋನು ಹಿಡಿದು ನಿಂತಿದ್ದರು. "ಏಳ್ನೇ ಕ್ಲಾಸು ಅಂದಿದ್ನಲ್ಲ ನಿಮ್ಮಣ್ಣ! ಇಷ್ಟು ವರ್ಷ ನಮ್ಮನ್ನ ಯಾಮಾರ್ಸಿದ್ಯಲ್ಲೇ!" ರತ್ನ ಅತ್ತೆಯ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಕೋಣೆಗೆ ಹೋಗಿ ಶಿವಲೀಲಾಗೆ ಫೋನು ಹಚ್ಚಿದೆ.

"ಛಲೋ ಕೆಲಸಾನ ಮಾಡೇನಲ್ಲ, ನಾಕ ಮಂದಿಗೆ ಗೊತ್ತಾಗ್ಲಿ ಅಂತ" ಎಂದಳು.

"ನನ್ನ ಹೆಸರ ಬಿಟ್ಟಿದ್ದು ಹಾಳಾಗ್ಲಿ. ಆಕೀ ಸಂಸಾರ ಏನಾಗಬೇಕು?"

"ಹೊರಗಿನಾಕೀ ಸಲುವಾಗಿ ನಮ್ಮಾಕೀ ಮ್ಯಾಲ ಸಿಟ್ಟಾಗ್ತೀಯೇನ?"

ಅದೇ ಮಾತು, ಅದೇ ರಾಗ. ಭಾನುವಾರಗಳಲ್ಲಿ ನನ್ನ ಕಣ್ಣು ತುಂಬಿಸುತ್ತಿದ್ದ ಆ ದನಿ ಅಂದು ಕಿವಿಯಲ್ಲಿ ಸುಡುತ್ತಿತ್ತು. ಫೋನು ಇಟ್ಟೆ.

ರತ್ನ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಶಿವಲೀಲಾ ನನಗೆ ಮೋಸ ಮಾಡಿದಳು ಎಂದೆ.

"ಆ ಮೇಡಮ್ಮಂಗೆ ನಾನು ಯಾರು ಅಂತ್ಲೇ ಗೊತ್ತಿಲ್ಲ. ಅವ್ರ ಮೇಲೆ ನಂಗೇನೂ ಇಲ್ಲ" ಎಂದಳು. ಹುಲ್ಲಿನ ಕಂತೆ ಬಿಚ್ಚಿ ಹಾಕಿದ ಮೇಲೆ, "ನಿಮಗೆ ಗೊತ್ತಿತ್ತಲ್ಲ" ಎಂದಳು.



ಮರುದಿನ ಶಾಲೆಯಲ್ಲಿದ್ದಾಗ ಅವಳಿಂದ ಮೆಸೇಜು ಬಂತು. ಧ್ವನಿಯಲ್ಲ, ಬರಹ: 'ಮೇಡಂ ಬೇರೆ ಮನೆ ನೋಡ್ಕೊಳ್ಳಿ'. ಅವಳು ನನ್ನ ನೆರವಿಲ್ಲದೆ ಬರೆದ ಮೊದಲ ಪೂರ್ತಿ ವಾಕ್ಯ. ದೀರ್ಘ, ಒತ್ತು ಎಲ್ಲ ಸರಿಯಾಗಿದ್ದವು. ಅದನ್ನು ನೋಡಿ ಹಿಗ್ಗಿದೆ, ಅರ್ಥ ಮನಸ್ಸಿಗೆ ಇಳಿದದ್ದು ಆಮೇಲೆ.

ಈಗ ಹಳೇಬೀಡಿನಲ್ಲಿ ಇದ್ದೇನೆ, ಬಸ್ಸಿನಲ್ಲಿ ಶಾಲೆಗೆ ಹೋಗುತ್ತೇನೆ. ರತ್ನಳ ಮನೆಯಲ್ಲಿ ಜಗಳ ತಣ್ಣಗಾಗಿದೆ, ಡೈರಿ ಮೆಸೇಜುಗಳನ್ನು ಅತ್ತೆಗೂ ಅವಳೇ ಓದಿ ಹೇಳುತ್ತಾಳೆ ಎಂದು ಕೇಳಿದ್ದೇನೆ. ದಾರಿಯಲ್ಲಿ ಸಿಕ್ಕರೆ "ನಮಸ್ಕಾರ ಮೇಡಂ" ಎನ್ನುತ್ತಾಳೆ. ಅಕ್ಕ ಎನ್ನುವುದಿಲ್ಲ.

ರಜೆಗೆ ಊರಿಗೆ ಹೋದಾಗ ಅವ್ವನ ಎದುರು ಬಾಯಿತಪ್ಪಿ "ತಿಂದಾಯ್ತು ಕಣವ್ವ" ಎಂದುಬಿಟ್ಟೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಸಾಕವ್ವಾ ಅಲ್ಲಿದ್ದಿದ್ದು. ವರ್ಗಾವಣೆಗೆ ಅರ್ಜಿ ಹಾಕಿ ನಮ್ಮ ಮಂದೀ ನಡುವ ಬಂದುಬಿಡು" ಎಂದಳು.

"ಯಾರಬೇ ನಮ್ಮ ಮಂದಿ?" ಎಂದು ಕೇಳಿದೆ.

ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಅವ್ವ ನಕ್ಕಳು.